ದೂರದ ಊರಿನ ಸಮಾಧಿ, ಮಾಸಿದ ಅಕ್ಷರ

ಪ್ರಶ್ನೆ: ನಮ್ಮ ಮುತ್ತಜ್ಜ ಇಂಗ್ಲೆಂಡಿನಲ್ಲಿ ತೀರಿಕೊಂಡರು. ಊರು, ವರ್ಷ ಗೊತ್ತು. ಸ್ಮಶಾನ ಯಾವುದೆಂದು ಗೊತ್ತಿಲ್ಲ. ಅಲ್ಲಿಗೆ ಹೋಗುವ ಅನುಕೂಲವೂ ಇಲ್ಲ. ಸಮಾಧಿ ಕಲ್ಲಿನ ಬರಹ ಸಿಗುವ ದಾರಿ ಯಾವುದು?

ಉತ್ತರ: ಕಲ್ಲಿಗಿಂತ ಮೊದಲು ಕಾಗದ ಹುಡುಕಿ. ಬಡವರ ಎಷ್ಟೋ ಸಮಾಧಿಗಳಿಗೆ ಕಲ್ಲು ಹಾಕಿಸಿಯೇ ಇರುವುದಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಹೆಸರು ಇರುತ್ತದೆ. 1837ರ ಜುಲೈ 1ರಿಂದ ಇಂಗ್ಲೆಂಡಿನಲ್ಲಿ ಸರ್ಕಾರಿ ಮರಣ ನೋಂದಣಿ ಇದೆ. ಮರಣ ಪ್ರಮಾಣಪತ್ರದಲ್ಲಿ ಸತ್ತ ಜಾಗ ಸಿಗುತ್ತದೆ, ಹೂಳಿದ ಜಾಗ ಸಿಗುವುದಿಲ್ಲ. ಅದಕ್ಕೆ ಆ ಜಾಗದ ಸುತ್ತಲ ಚರ್ಚುಗಳ ಮತ್ತು ಪುರಸಭೆಯ ಸ್ಮಶಾನಗಳ ರಿಜಿಸ್ಟರ್ ನೋಡಬೇಕು. ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಹಲವು ರಿಜಿಸ್ಟರುಗಳು ಉಚಿತ. 1813ರ ನಂತರದ ಚರ್ಚ್ ರಿಜಿಸ್ಟರಿನಲ್ಲಿ ಹೆಸರು, ವಾಸಸ್ಥಳ, ಹೂಳಿದ ದಿನ, ವಯಸ್ಸು ಮತ್ತು ಪಾದ್ರಿಯ ಸಹಿ ಇರುತ್ತವೆ. ಹೂಳಿದ ದಿನವನ್ನೇ ಸತ್ತ ದಿನವೆಂದು ಬರೆದುಕೊಳ್ಳುವುದು ತುಂಬ ಸಾಮಾನ್ಯವಾದ ತಪ್ಪು.

ಸ್ಮಶಾನ ಗೊತ್ತಾದ ಮೇಲೆ ಅದರ ಕಚೇರಿಗೆ ಬರೆಯಿರಿ. ಪೂರ್ತಿ ಹೆಸರು, ಅದರ ಬೇರೆ ಕಾಗುಣಿತಗಳು, ಸತ್ತ ತಿಂಗಳು ಇಷ್ಟು ಸಾಕು. ವಿಭಾಗ, ಸಾಲು, ಸಮಾಧಿ ಸಂಖ್ಯೆ, ಜಾಗ ಕೊಂಡವರ ಹೆಸರು ಕೇಳಿ. ಅದೇ ಗುಂಡಿಯಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ: ಹೆಂಡತಿ, ಮಗು, ನಾದಿನಿ ಹೀಗೆ ಮನೆತನದ ಒಂದು ತುಂಡು ಅಲ್ಲೇ ಸಿಗಬಹುದು.

ಸಂಖ್ಯೆ ಕೈಗೆ ಬಂದ ಮೇಲೆ ಸಮಾಧಿಗಳ ವಿವರ, ಫೋಟೋ ಸೇರಿಸಿಡುವ ಫೈಂಡ್ ಎ ಗ್ರೇವ್ ಜಾಲತಾಣದಲ್ಲಿ ಮುತ್ತಜ್ಜನ ಪುಟವಿದೆಯೇ ನೋಡಿ. ಇಲ್ಲದಿದ್ದರೆ ನೀವೇ ತೆರೆದು, ಆ ಪುಟದಿಂದಲೇ ಫೋಟೋ ಕೋರಿಕೆ ಹಾಕಿ. ಹತ್ತಿರದ ಸ್ವಯಂಸೇವಕರು ಹೋಗಿ ತೆಗೆಯುತ್ತಾರೆ. ಸಮಾಧಿ ಸಂಖ್ಯೆಯಿಲ್ಲದೆ ಕೇಳಿದರೆ ಸಾವಿರಾರು ಕಲ್ಲುಗಳ ನಡುವೆ ಅವರು ಬರಿಗೈಲಿ ವಾಪಸಾಗುತ್ತಾರೆ. ಇಡೀ ಕಲ್ಲು, ಬರಹದ ಹತ್ತಿರದ ನೋಟ, ಹಿಂಭಾಗ, ಅಕ್ಕಪಕ್ಕದ ಕಲ್ಲುಗಳು, ಎಲ್ಲದರ ಫೋಟೋ ಬೇಕೆಂದು ಸ್ಪಷ್ಟವಾಗಿ ತಿಳಿಸಿ.

ಸೈನಿಕರಾಗಿದ್ದು, ಮೊದಲ ಮಹಾಯುದ್ಧದ ಲೆಕ್ಕಕ್ಕೆ ಸೇರುವ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ತೀರಿಕೊಂಡಿದ್ದರೆ ದಾರಿ ಸುಲಭ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಹೆಸರು ಹಾಕಿ ಹುಡುಕಿ. ಸ್ಮಾರಕದ ಮೇಲೆ ಹೆಸರಿದ್ದರೆ ಸಮಾಧಿ ಅಲ್ಲಿಯೇ ಇದೆ ಎಂದಲ್ಲ. ಗುರುತಿಸಲ್ಪಟ್ಟ ಸಮಾಧಿ ಇಲ್ಲದವರ ಹೆಸರನ್ನೇ ಹೆಚ್ಚಾಗಿ ಸ್ಮಾರಕದಲ್ಲಿ ಕೆತ್ತುವುದು.

ಪ್ರಶ್ನೆ: ಫೋಟೋ ಬಂತು, ಅಕ್ಷರ ಓದಲಾಗುತ್ತಿಲ್ಲ. ಸೀಮೆಸುಣ್ಣ ಅಥವಾ ಶೇವಿಂಗ್ ಫೋಮ್ ಹಚ್ಚಿ ಮತ್ತೆ ಫೋಟೋ ತೆಗೆಯಲು ಹೇಳಬಹುದೇ?

ಉತ್ತರ: ದಯವಿಟ್ಟು ಬೇಡ. ಫೋಮಿನಲ್ಲಿ ಸ್ಟಿಯರಿಕ್ ಆಮ್ಲವಿದೆ. ಅದು ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಸೀಮೆಸುಣ್ಣ ಉಜ್ಜಿದರೆ, ಪದರು ಏಳುತ್ತಿರುವ ಮರಳುಗಲ್ಲಿನಲ್ಲಿ ಅಕ್ಷರವೇ ಉದುರಬಹುದು. ತಂತಿ ಬ್ರಷ್ಷಂತೂ ಕಲ್ಲಿಗೆ ಶತ್ರು.

ಬೇಕಾದದ್ದು ಓರೆ ಬೆಳಕು. ಸೂರ್ಯ ಕಲ್ಲಿನ ಎದುರಿಗಲ್ಲ, ಅಂಚಿನ ಪಕ್ಕಕ್ಕೆ ಬಂದಾಗ ತೆಗೆದರೆ ಕೆತ್ತಿದ ಗೆರೆಗಳಲ್ಲಿ ನೆರಳು ಬೀಳುತ್ತದೆ. ಕಲ್ಲು ಉತ್ತರಕ್ಕೆ ಮುಖ ಮಾಡಿ ಬಿಸಿಲೇ ಬೀಳದಿದ್ದರೆ, ಇನ್ನೊಬ್ಬರು ದೊಡ್ಡ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಹಾಯಿಸಬೇಕು. ಮೋಡದ ದಿನವಾದರೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಪಕ್ಕದಿಂದ ಹಿಡಿಯಲಿ. ಬಂದ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ, ಒಮ್ಮೆ ನೆಗೆಟಿವ್‌ಗೆ ತಿರುಗಿಸಿ ನೋಡಿ.

ಸವೆದ ಕಲ್ಲಿನಲ್ಲಿ 1 ಮತ್ತು 7, 3 ಮತ್ತು 8, 5 ಮತ್ತು 6 ಅದಲುಬದಲಾಗಿ ಕಾಣುತ್ತವೆ. ಓದಿದ್ದನ್ನು ಸಾಲು ಸಾಲಾಗಿ, ಇರುವ ಕಾಗುಣಿತದಲ್ಲೇ ಬರೆದುಕೊಳ್ಳಿ. ಅನುಮಾನದ ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ‘45ನೆಯ ವರ್ಷದಲ್ಲಿ’ ಎಂದು ಕೆತ್ತಿದ್ದರೆ ವಯಸ್ಸು 44 ತುಂಬಿತ್ತು ಎಂದರ್ಥ.

ಪ್ರಶ್ನೆ: ಕಲ್ಲಿನ ಮೇಲಿನ ಇಸವಿಗೂ ರಿಜಿಸ್ಟರಿಗೂ ಒಂದು ವರ್ಷ ವ್ಯತ್ಯಾಸ. ಯಾವುದನ್ನು ನಂಬಲಿ?

ಉತ್ತರ: ಸಾವಿನ ಇಸವಿಗೆ ರಿಜಿಸ್ಟರ್. ಅದನ್ನು ಹೂಳಿದಾಗಲೇ ಬರೆದಿರುತ್ತಾರೆ. ಕಲ್ಲನ್ನು ಎಷ್ಟೋ ವರ್ಷದ ಮೇಲೆ, ಕೆಲವೊಮ್ಮೆ ಹೆಂಡತಿಯೂ ತೀರಿಕೊಂಡ ನಂತರ, ಮಕ್ಕಳ ನೆನಪಿನಿಂದ ಕೆತ್ತಿಸಿರಬಹುದು. ಹುಟ್ಟಿದ ಇಸವಿಗಾದರೆ ಎರಡನ್ನೂ ನಂಬದೆ ಜ್ಞಾನಸ್ನಾನದ ದಾಖಲೆ ಹುಡುಕಿ.