ಪ್ರತಿಕ್ರಿಯೆ: ‘ಘೋಸ್ಟ್ ಗನ್’ ನಿಷೇಧವಾಗಿದೆಯೇ?

ಅಮೆರಿಕದ ಸುಪ್ರೀಂ ಕೋರ್ಟ್ ‘ಘೋಸ್ಟ್ ಗನ್’ಗಳನ್ನು (ಕ್ರಮಸಂಖ್ಯೆಯಿಲ್ಲದ, ಮನೆಯಲ್ಲೇ ಜೋಡಿಸಬಹುದಾದ ಬಂದೂಕುಗಳನ್ನು) ನಿಷೇಧಿಸಿತೆಂಬ ಸುದ್ದಿ ಓದಿ, ಮನೆಯಲ್ಲಿ ಬಂದೂಕು ತಯಾರಿಸುವುದೇ ಅಲ್ಲಿ ಅಪರಾಧವೇ ಎಂದು ತಾವು ಕೇಳಿದ್ದೀರಿ. ಅಲ್ಲ, ತಪ್ಪು ತಲೆಬರಹದ್ದು. 2025ರ ಮಾರ್ಚ್ 26ರಂದು 7-2 ಬಹುಮತದಿಂದ ಬಂದ ತೀರ್ಪು ಎತ್ತಿಹಿಡಿದದ್ದು 2022ರ ಒಂದು ನಿಯಮವನ್ನು. ಅದರಂತೆ, ಸುಲಭವಾಗಿ ಜೋಡಿಸಬಹುದಾದ ಬಂದೂಕಿನ ಬಿಡಿಭಾಗಗಳ ಕಿಟ್ ಮಾರುವವರು ಪರವಾನಗಿ ಪಡೆದು, ಕ್ರಮಸಂಖ್ಯೆ ನಮೂದಿಸಿ, ಕೊಳ್ಳುವವರ ಹಿನ್ನೆಲೆಯನ್ನು ಪರಿಶೀಲಿಸಬೇಕು. ಬಿಡಿಭಾಗಗಳ ಪೆಟ್ಟಿಗೆಯನ್ನು ಬಂದೂಕೆನ್ನಬಹುದೇ ಎಂಬುದೇ ತಕರಾರಾಗಿದ್ದುದರಿಂದ, ನ್ಯಾಯಮೂರ್ತಿ ಗೋರ್ಸಚ್ ಅವರು ಪೀಠೋಪಕರಣಗಳನ್ನು ಬಿಡಿಭಾಗಗಳಾಗಿ ಮಾರುವ ಐಕಿಯಾ ಮಳಿಗೆಯಿಂದ ತಂದು ಇನ್ನೂ ಜೋಡಿಸದ ಮೇಜನ್ನೂ ಜನ ಮೇಜೆಂದೇ ಕರೆಯುವುದನ್ನು ನೆನಪಿಸಿದರು. ಬಂದೂಕು ಹೊಂದಲು ಅನರ್ಹರಲ್ಲದವರು ಸ್ವಂತ ಬಳಕೆಗೆ ತಯಾರಿಸಿಕೊಳ್ಳುವುದನ್ನು ಒಕ್ಕೂಟದ ಕಾನೂನು ಸಾಮಾನ್ಯವಾಗಿ ತಡೆಯುವುದಿಲ್ಲವಾದರೂ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಹಾಗೆ ತಯಾರಿಸುವ ಮೊದಲೇ ಕ್ರಮಸಂಖ್ಯೆ ಪಡೆಯಬೇಕು.