ತುರಿಕೆ ಇಲ್ಲದ ಅಜ್ಜಿಯ ಕೈ ಮೊದಲು ತೋರಿಸಿ

ಪ್ರಶ್ನೆ: ನಾವು ಕೊಡಗಿನ ಸುಂಟಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿದ್ದೇವೆ. ಮಗ ಹಾಸ್ಟೆಲ್‌ನಿಂದ ಬರುವಾಗ ಕಜ್ಜಿ ತಂದ. ಮೆಡಿಕಲ್‌ನಲ್ಲಿ ಕೊಟ್ಟ ಕ್ರೀಮ್ ಹಚ್ಚಿದಾಗ ಕಡಿಮೆಯಾಯಿತು, ಬಿಟ್ಟ ಕೂಡಲೇ ಜಾಸ್ತಿಯಾಯಿತು. ಆಮೇಲೆ ಡಾಕ್ಟರ್ ಬರೆದುಕೊಟ್ಟ, ಕಜ್ಜಿ ಹುಳ ಕೊಲ್ಲುವ ಪರ್ಮೆತ್ರಿನ್ ಕ್ರೀಮ್ ಹಚ್ಚಿ 8 ದಿನ ಆಯಿತು, ಇನ್ನೂ ರಾತ್ರಿ ತುರಿಸಿಕೊಳ್ಳುತ್ತಾನೆ. ಅವನು ಬಂದು ತಿಂಗಳಾದ ಮೇಲೆ ಈಗ ನನಗೂ ಶುರು. ಅವನ ಜೊತೆಯೇ ಮಲಗುವ ಅಜ್ಜಿಗೆ ಮಾತ್ರ ಏನೂ ತುರಿಕೆ ಇಲ್ಲ. ಅವರು ಉಬ್ಬಸಕ್ಕೆ ವರ್ಷಗಳಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ, ಅಂಗೈ ಒರಟಾಗಿ ಸಿಪ್ಪೆ ಏಳುತ್ತದೆ ಅಷ್ಟೇ. ನನಗೂ ಮಗನಿಗೂ ರೋಗ ನಿರೋಧಕ ಶಕ್ತಿ ಕಡಿಮೆಯಾಗಿದೆಯಾ?

ಉತ್ತರ: ಕಡಿಮೆಯಾಗಿಲ್ಲ. ಅದು ಕೆಲಸ ಮಾಡುತ್ತಿರುವುದಕ್ಕೇ ನಿಮ್ಮಿಬ್ಬರಿಗೂ ತುರಿಸುತ್ತಿದೆ. ನಿಮ್ಮ ಪತ್ರ ಓದಿ ನನಗೆ ಯೋಚನೆ ಹತ್ತಿರುವುದು ಅಜ್ಜಿಯದು. ಕಾರಣ ಮುಂದೆ ಹೇಳುತ್ತೇನೆ, ಆದರೆ ಅವರನ್ನು ಒಂದೆರಡು ದಿನದಲ್ಲೇ ಚರ್ಮದ ಡಾಕ್ಟರಿಗೆ ತೋರಿಸಿ.

ಕಜ್ಜಿ ಹುಳ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಹೆಣ್ಣು ಹುಳ ಚರ್ಮದ ತೀರಾ ಮೇಲಿನ ಪದರದಲ್ಲಿ ಸುರಂಗ ಕೊರೆಯುತ್ತಾ, ದಿನಕ್ಕೆ 2-3 ಮೊಟ್ಟೆ ಇಡುತ್ತಾ ಹೋಗುತ್ತದೆ. ಮಗನ ಬೆರಳ ಸಂದಿ, ಮಣಿಕಟ್ಟನ್ನು ಒಳ್ಳೆ ಬೆಳಕಿನಲ್ಲಿ ನೋಡಿ. ಪೆನ್ಸಿಲ್ ತಾಗಿದ ಹಾಗೆ ಸಣ್ಣ ಸೊಟ್ಟ ಗೆರೆ ಕಾಣಬಹುದು. ಅನುಮಾನ ಬಂದಾಗ ನಾನು ಅದರ ಮೇಲೆ ಪೆನ್ನಿನ ಇಂಕು ಸವರಿ ಸ್ಪಿರಿಟ್ ಹತ್ತಿಯಲ್ಲಿ ಒರೆಸುತ್ತೇನೆ. ಸುತ್ತಲಿನ ಇಂಕು ಹೋಗುತ್ತದೆ, ಸುರಂಗಕ್ಕೆ ಇಳಿದದ್ದು ಕಪ್ಪು ಗೆರೆಯಾಗಿ ಉಳಿಯುತ್ತದೆ.

ಮೈಯೆಲ್ಲಾ ಪರಚಿಕೊಳ್ಳುವವರ ಮೇಲೂ ಸಾಮಾನ್ಯವಾಗಿ ಇರುವುದು 10-15 ಹುಳ. ಅಷ್ಟಕ್ಕೇ ಹೊಟ್ಟೆ, ಸೊಂಟ, ತೊಡೆ ಎಲ್ಲಾ ಯಾಕೆ ತುರಿಸಬೇಕು ಹೇಳಿ? ಹುಳದ ಜೊಲ್ಲು, ಹಿಕ್ಕೆ, ಮೊಟ್ಟೆ, ಇವುಗಳ ಅಂಶವನ್ನು ಚರ್ಮದ ಕಾವಲು ಕೋಶಗಳು ಹಿಡಿದು ಹತ್ತಿರದ ಹಾಲುರಸ ಗ್ರಂಥಿಗೆ (ಲಿಂಫ್ ನೋಡ್) ಒಯ್ಯುತ್ತವೆ, ಅಲ್ಲಿ ಟಿ ಕೋಶಗಳು ಎಂಬ ರಕ್ಷಣಾ ಕೋಶಗಳು ಅದನ್ನು ಗುರುತಿಟ್ಟುಕೊಂಡು, ಲೆಕ್ಕ ಹೆಚ್ಚಿಸಿಕೊಂಡು ಚರ್ಮಕ್ಕೆ ವಾಪಸ್ ಬರುತ್ತವೆ. ಅಲರ್ಜಿಯಲ್ಲಿ ಕೆಲಸ ಮಾಡುವ ಐಜಿಇ ಎಂಬ ಪ್ರತಿಕಾಯವೂ ಜೊತೆಗೂಡುತ್ತದೆ. ಆಮೇಲೆ ಊತ, ಗುಳ್ಳೆ, ತುರಿಕೆ. ಮೊದಲ ಸಲ ಇದಕ್ಕೆಲ್ಲಾ 4-6 ವಾರ ಬೇಕು. ಹುಳ ಕೂಡ ಸುಮ್ನೆ ಇರುವುದಿಲ್ಲ, ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳನ್ನು ತಡೆಯುವ ವಸ್ತುಗಳನ್ನು ಬಿಡುತ್ತದೆ.

ಹಾಗಾಗಿ ನಿಮಗೆ ಕಜ್ಜಿ ಈಗ ಬಂದದ್ದಲ್ಲ. ಮಗ ಬಂದ ದಿನಗಳಲ್ಲೇ ಹತ್ತಿರಬಹುದು, ದೇಹಕ್ಕೆ ಗೊತ್ತಾದದ್ದು ಈಗ.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ ಇದನ್ನು ಕಣ್ಣಾರೆ ನೋಡಿದರು. ಯುದ್ಧಕ್ಕೆ ಹೋಗುವುದಿಲ್ಲ ಎಂದ ಯುವಕರು ಮುಂದೆ ಬಂದು, ಬೇಕೆಂದೇ ಕಜ್ಜಿ ಹತ್ತಿಸಿಕೊಂಡರು. ಮೊದಲ ಸಲ ಸುಮಾರು ಒಂದು ತಿಂಗಳು ತುರಿಕೆಯೇ ಇಲ್ಲ. ವಾಸಿಯಾದವರಿಗೆ ಮತ್ತೆ ಹತ್ತಿಸಿದಾಗ ಒಂದು ದಿನದೊಳಗೇ ತುರಿಕೆ, ಹುಳಗಳಿಗೆ ನೆಲೆ ನಿಲ್ಲುವುದೂ ಕಷ್ಟವಾಯಿತು. ಆ ಯುವಕರು ಪಟ್ಟ ಕಷ್ಟದಿಂದಲೇ ನಾವು ಇವತ್ತು 'ತುರಿಕೆ ಇರಲಿ ಇಲ್ಲದಿರಲಿ, ಮನೆಯವರೆಲ್ಲಾ ಒಂದೇ ದಿನ ಹಚ್ಚಿ' ಅಂತ ಧೈರ್ಯವಾಗಿ ಹೇಳುತ್ತೇವೆ. ನೀವು ಮಗನಿಗೆ ಮಾತ್ರ ಹಚ್ಚಿದ್ದೀರಿ ಅನಿಸುತ್ತದೆ.

ಮೆಡಿಕಲ್‌ನ ಮೊದಲ ಕ್ರೀಮ್‌ನಲ್ಲಿ ಸ್ಟೀರಾಯ್ಡ್ ಇದ್ದಿರಬೇಕು. ಅದು ದೇಹದ ಪ್ರತಿರೋಧವನ್ನು ಮಲಗಿಸುತ್ತದೆ, ತುರಿಕೆ ನಿಲ್ಲುತ್ತದೆ, ಹುಳ ಆರಾಮಾಗಿ ಮರಿ ಮಾಡುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ಇಂಥ ಕ್ರೀಮ್ ಕೊಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಪರ್ಮೆತ್ರಿನ್ ಹಚ್ಚಿದ ಮೇಲಿನ ತುರಿಕೆ. ಹುಳ ಸತ್ತರೂ ಅದರ ಹೆಣ, ಹಿಕ್ಕೆ ಚರ್ಮದಲ್ಲೇ ಇರುತ್ತವೆ. ಆ ಪದರ ಉದುರುವ ತನಕ ದೇಹ ಜಗಳ ಬಿಡುವುದಿಲ್ಲ, 2ರಿಂದ 4 ವಾರ ಹಿಡಿಯಬಹುದು. ಅದಕ್ಕಂತ ದಿನಾ ಔಷಧಿ ಮೆತ್ತಬೇಡಿ, ಚರ್ಮ ಸುಟ್ಟು ತುರಿಕೆ ಇನ್ನೂ ಹೆಚ್ಚುತ್ತದೆ. ಈಗ ಎಲ್ಲರೂ ಒಂದೇ ರಾತ್ರಿ, ಕುತ್ತಿಗೆಯಿಂದ ಪಾದದವರೆಗೆ, ಉಗುರಿನ ಅಡಿ, ತೊಡೆಸಂದಿ ಬಿಡದೆ ಹಚ್ಚಿ 8-14 ಗಂಟೆ ಬಿಟ್ಟು ತೊಳೆಯಿರಿ. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಮಗನಿಗೆ ಇದೇ ಎರಡನೇ ಸುತ್ತಾಗುತ್ತದೆ, ನಿಮಗೆ ವಾರ ಬಿಟ್ಟು ಇನ್ನೊಮ್ಮೆ.

ಈ ಮಳೆಯಲ್ಲಿ ಕಂಬಳಿ ಒಣಗಿಸುವುದು ಹೇಗೆ ಅಂತ ನಿಮಗೆ ಚಿಂತೆ ಇರಬಹುದು. ಬಿಸಿಲು ಕಾಯಬೇಡಿ. ಬಟ್ಟೆಯನ್ನು ಕುದಿಯುವಷ್ಟು ಬಿಸಿ ನೀರಿನಲ್ಲಿ ನೆನೆಸಿ. ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಮೈ ಬಿಟ್ಟ ಹುಳ ಸಾಮಾನ್ಯವಾಗಿ 2-3 ದಿನ ಬದುಕುತ್ತದೆ, ನಮ್ಮ ಚಳಿ ತೇವದಲ್ಲಿ ಇನ್ನೂ ಜಾಸ್ತಿ ದಿನ, ಅದಕ್ಕೇ ನಾನು 10 ದಿನ ಹೇಳುವುದು.

ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದರೆ ರಕ್ತ ಶುದ್ಧವಾಗಿ ಕಜ್ಜಿ ಹೋಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಪಾಯಸ ಖಂಡಿತ ತಿನ್ನಿ, ನಾನೂ ತಿನ್ನುತ್ತೇನೆ. ಆದರೆ ಹುಳ ಇರುವುದು ರಕ್ತ ಹರಿಯದ ಸತ್ತ ಪದರದಲ್ಲಿ. ನಮ್ಮ ರಕ್ಷಣಾ ಕೋಶಗಳಿಗೇ ಅಲ್ಲಿಗೆ ತಲುಪುವುದು ಕಷ್ಟ.

ಈಗ ಅಜ್ಜಿಯ ವಿಷಯ. ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹುಳವನ್ನು ಹತ್ತಿಕ್ಕುವ ಪ್ರತಿರೋಧವೇ ಸೋತಿರುತ್ತದೆ. ತುರಿಕೆ ಇಲ್ಲ ಅಂದರೆ ಕೆರೆತವೂ ಇಲ್ಲ, ಕೆರೆದಾಗ ಕಿತ್ತು ಹೋಗಬೇಕಾದ ಹುಳಗಳೂ ಉಳಿಯುತ್ತವೆ. ಆಗ 10-15 ಇರಬೇಕಾದ ಕಡೆ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಆಗುತ್ತವೆ. ಅಂಗೈ, ಉಗುರ ಸುತ್ತ ಒಣ ಮಣ್ಣು ಮೆತ್ತಿದ ಹಾಗೆ ಹಕ್ಕಳೆ ಕಟ್ಟುತ್ತದೆ. ವಯಸ್ಸಾಯಿತು, ಚಳಿಗೆ ಚರ್ಮ ಒಡೆದಿದೆ ಅಂತ ಮನೆಯವರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಉದುರುವ ಒಂದೊಂದು ಸಿಪ್ಪೆಯಲ್ಲೂ ಹುಳ ಇರುತ್ತದೆ, ಮಗನಿಗೆ ವಾಸಿಯಾದರೂ ಮತ್ತೆ ಮತ್ತೆ ಹತ್ತುತ್ತದೆ. ಅಜ್ಜಿಯದು ಬರೀ ಒಣ ಚರ್ಮವೂ ಇರಬಹುದು. ಸಿಪ್ಪೆಯನ್ನು ಸ್ವಲ್ಪ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ಹುಳ ಕಂಡರೆ ಕ್ರೀಮ್ ಜೊತೆಗೆ ಐವರ್‌ಮೆಕ್ಟಿನ್ ಮಾತ್ರೆಯೂ ಹಲವು ಸುತ್ತು ಬೇಕು, ಅದನ್ನು ಡಾಕ್ಟರೇ ಲೆಕ್ಕ ಹಾಕಿ ಕೊಡಬೇಕು. ಅವರಿಗೆ ಸ್ನಾನ ಮಾಡಿಸಲು ತೋಟದ ಕೆಲಸಗಾರರ ಲೈನ್ ಮನೆಯಿಂದ ಯಾರಾದರೂ ಬರುತ್ತಿದ್ದರೆ ಅವರಿಗೂ, ಅವರ ಮನೆಯವರಿಗೂ ಔಷಧಿ ಕೊಡಿಸಿ.

ಇದನ್ನು ಓದಿ ಹೆದರಿ ಉಬ್ಬಸದ ಮಾತ್ರೆ ಮಾತ್ರ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಆ ಮಾತ್ರೆಯ ಚೀಟಿ, ಮಗನಿಗೆ ಮೊದಲು ಹಚ್ಚಿದ ಕ್ರೀಮ್‌ನ ಟ್ಯೂಬ್ ಎರಡನ್ನೂ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗಿ.