ಸಂಪಾದಕರ ಉತ್ತರ: ಮೇಲ್ವಿಚಾರಕಿಗೂ ಒಬ್ಬ ಮೇಲ್ವಿಚಾರಕರು ಬೇಕು

ಶಿರಸಿಯ ಓದುಗರಿಗೆ ವಂದನೆಗಳು.

ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಸೇವಾಸಂಸ್ಥೆಯೊಂದರಲ್ಲಿ ಏಳು ವರ್ಷಗಳಿಂದ ಆಪ್ತಸಮಾಲೋಚಕಿಯಾಗಿರುವ ನಿಮಗೆ, ಕಾರವಾರದಿಂದ ಸಿದ್ದಾಪುರದವರೆಗಿನ ಕಿರಿಯ ಸಮಾಲೋಚಕರ ಮೇಲ್ವಿಚಾರಣೆ ವಹಿಸಿಕೊಳ್ಳುವಂತೆ ಸಂಸ್ಥೆ ಕೇಳಿದೆ. ಇದನ್ನು ಒಪ್ಪಿಕೊಳ್ಳಬೇಕೇ, ಅಥವಾ ಕೆಲಸ ಬಿಟ್ಟು ಚಿಕಿತ್ಸಾ ಮನೋವಿಜ್ಞಾನ ಓದಲು ಬೆಂಗಳೂರಿಗೆ ಹೋಗಬೇಕೇ ಎಂದು ಬರೆದಿದ್ದೀರಿ.

ಓದಿನ ವಿಷಯವನ್ನು ಮೊದಲು ಮುಗಿಸುತ್ತೇನೆ. ಚಿಕಿತ್ಸಾ ಮನೋವಿಜ್ಞಾನಕ್ಕೆ ಮನೋವಿಜ್ಞಾನದ ಪದವಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕಾಗುವುದರಿಂದ ನಿಮಗೆ ಆ ದಾರಿ ನೇರವಾದದ್ದಲ್ಲ. ನಿಮಗೆ ಹೊಂದುವುದು ಮನೋವೈದ್ಯಕೀಯ ಸಮಾಜಕಾರ್ಯ, ಅಂದರೆ ಮಾನಸಿಕ ಕಾಯಿಲೆಯವರ ಹಾಗೂ ಅವರ ಮನೆಯವರ ಜೊತೆ ನಡೆಸುವ ಸಮಾಜಕಾರ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅದಕ್ಕೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಜೊತೆಗೆ, ಮೇಲ್ವಿಚಾರಣೆಯಲ್ಲಿ ನಡೆಯುವ ತರಬೇತಿಯನ್ನೂ ಒಳಗೊಂಡ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಕೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಒಂದನ್ನೇ ನೆಚ್ಚಿಕೊಳ್ಳದೆ, ನಿಮಗೆ ಹತ್ತಿರದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೂ ವಿಚಾರಿಸಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಅನ್ನು ಕೈಬಿಟ್ಟಿರುವುದರಿಂದ, ಶುಲ್ಕ ಕಟ್ಟುವ ಮುನ್ನ ಕೋರ್ಸಿನ ಈಗಿನ ಮಾನ್ಯತೆಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಇನ್ನು ಮೇಲ್ವಿಚಾರಣೆ. ಹಾಜರಿ ನೋಡುವುದು, ತಿಂಗಳ ವರದಿ ತರಿಸಿಕೊಳ್ಳುವುದು ಆಡಳಿತದ ಕೆಲಸ. ಕ್ಲಿನಿಕಲ್ ಮೇಲ್ವಿಚಾರಣೆಯಲ್ಲಾದರೆ ಕಿರಿಯರು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನಿಮ್ಮೆದುರು ಕುಳಿತು, ಬಂದವರನ್ನು ತಾವು ಏನು ಕೇಳಿದೆವು, ಏನನ್ನು ಕೇಳಲು ಹಿಂಜರಿದೆವು, ಗಂಡನ ಕುಡಿತದ ಮಾತು ಬಂದಾಗ ತಮಗೇ ಏಕೆ ಸಿಟ್ಟು ಬಂತು, ಆತ್ಮಹತ್ಯೆಯ ಸೂಚನೆ ಕಂಡರೂ ಮನೋವೈದ್ಯರಲ್ಲಿಗೆ ಕಳಿಸಲು ಏಕೆ ತಡಮಾಡಿದೆವು ಎಂಬುದನ್ನೆಲ್ಲ ಬಿಚ್ಚಿಡಬೇಕಾಗುತ್ತದೆ. ವೇತನ ಹೆಚ್ಚಳಕ್ಕೆ ಶಿಫಾರಸು ಮಾಡುವವರ ಮುಂದೆ ಯಾರು ತಾನೇ ಹೀಗೆ ಮಾತಾಡಿಯಾರು? ಎರಡೂ ಅಧಿಕಾರ ನಿಮ್ಮಲ್ಲೇ ಸೇರಿದರೆ, ಚೆನ್ನಾಗಿ ನಡೆದ ಪ್ರಕರಣಗಳಷ್ಟೇ ನಿಮ್ಮ ಕಿವಿಗೆ ಬಿದ್ದಾವು.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕುಂಟು. ಬೆಂಗಳೂರಿನ ಸಮಾಲೋಚಕರಿಗೆ ತಮ್ಮ ಬಳಿ ಬಂದವರು ಮತ್ತೆಲ್ಲೂ ಎದುರಾಗದೇ ಇರಬಹುದು. ಶಿರಸಿಯಲ್ಲಿ ಅವರು ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೇ ಕೂರುತ್ತಾರೆ, ಮಾರಿಕಾಂಬಾ ಜಾತ್ರೆಯಲ್ಲಿ ಮನೆಯವರೊಡನೆ ಸಿಗುತ್ತಾರೆ. ಗೋಪ್ಯತೆಯನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಹಕ್ಕಾಗಿ ಕೊಟ್ಟಿದೆ. ಆದರೆ ‘ಸಿದ್ದಾಪುರದ ಕಡೆಯವರು, ಎರಡೆಕರೆ ಅಡಿಕೆ ತೋಟ, ಮದುವೆಯಾಗದ ಮಗ’ ಎಂದರೆ ಸಾಕು, ಹೆಸರು ಹೇಳದಿದ್ದರೂ ಅರ್ಧ ತಾಲೂಕಿಗೆ ಮನೆ ಗೊತ್ತಾಗುತ್ತದೆ. ಆದ್ದರಿಂದ ಪ್ರಕರಣವನ್ನು ಹಿರಿಯರೊಬ್ಬರೊಂದಿಗೆ ಚರ್ಚಿಸುವುದುಂಟೆಂದು ಬಂದವರಿಗೆ ಮೊದಲ ಭೇಟಿಯಲ್ಲೇ ತಿಳಿಸಿ ಒಪ್ಪಿಗೆ ಪಡೆಯುವುದನ್ನು ಕಿರಿಯರಿಗೆ ಕಲಿಸಿ. ಮನೆತನ ನಿಮಗೆ ಪರಿಚಿತವೆಂದು ಅನ್ನಿಸಿದ ಕೂಡಲೇ ಆ ಪ್ರಕರಣವನ್ನು ಬೇರೊಬ್ಬರಿಗೆ ಒಪ್ಪಿಸಿ.

ಆ ಬೇರೊಬ್ಬರು ಈಗಲೇ ಗೊತ್ತಾಗಿರಬೇಕು; ನಿಮ್ಮ ಕೆಲಸದ ಮೇಲ್ವಿಚಾರಕರೂ ಅವರೇ ಆಗಬಹುದು. ಏಳು ವರ್ಷಗಳಲ್ಲಿ ನಿಮ್ಮ ಕೆಲಸವನ್ನು ಯಾರು ನೋಡುತ್ತಿದ್ದರೆಂಬ ಮಾತೇ ನಿಮ್ಮ ಪತ್ರದಲ್ಲಿಲ್ಲ. ನನಗೆ ಹೆಚ್ಚು ಚಿಂತೆಯಾದದ್ದು ಅದನ್ನು ಕಂಡೇ. ಧಾರವಾಡದಲ್ಲೋ ಇನ್ನೆಲ್ಲೋ ಇರುವ, ನಿಮ್ಮ ನೆಂಟರಿಷ್ಟರ ಬಳಗಕ್ಕೆ ಸೇರದ ಅನುಭವಿಯೊಬ್ಬರು ವಿಡಿಯೋ ಕರೆಯಲ್ಲಿ ಸಿಕ್ಕರೂ ಆದೀತು. ಕಾರವಾರದ ಮೀನುಗಾರರ ಮನೆಗಳ ಕೊಂಕಣಿ ಅವರಿಗೆ ತಿಳಿಯದಿದ್ದರೆ ನೀವೇ ಬಿಡಿಸಿ ಹೇಳಬಹುದು.

ಹುದ್ದೆಯನ್ನು ಒಪ್ಪಿಕೊಳ್ಳಿ ಎಂಬುದೇ ನನ್ನ ಅಭಿಪ್ರಾಯ. ಆದರೆ ಹಾಜರಿ ಮತ್ತು ಮೌಲ್ಯಮಾಪನ ಬೇರೆಯವರ ಕೈಯಲ್ಲಿರಬೇಕು, ನಿಮ್ಮ ಮೇಲ್ವಿಚಾರಕರ ಶುಲ್ಕವನ್ನು ಸಂಸ್ಥೆ ಭರಿಸಬೇಕು, ಈ ಎರಡೂ ಆದೇಶಪತ್ರದಲ್ಲೇ ಬರಬೇಕು. ಇದಕ್ಕೆ ಸಂಸ್ಥೆ ಒಪ್ಪದಿದ್ದರೆ ಧಾರವಾಡದ ಅರ್ಜಿಯನ್ನು ಈ ವರ್ಷವೇ ಹಾಕಿ.

— ಸಂಪಾದಕ